ಕುಡಿಯದ ಅಪ್ಪನ ಜೊತೆ ವೈನ್ ಕಣಿವೆಯಲ್ಲಿ ಒಂದು ದಿನ: ಖಾಸಗಿ ಗೈಡ್‌ಗೆ ಅಷ್ಟು ದುಡ್ಡು ಕೊಟ್ಟಿದ್ದು ಸರಿಯಾ?

ದೇವನಹಳ್ಳಿ_ಮಗ

ಮಾರ್ಚ್‌ನಲ್ಲಿ ಇಲ್ಲೇ ಒಂದು ಪ್ರಶ್ನೆ ಕೇಳಿದ್ದೆ. ಪೋರ್ಚುಗಲ್‌ನ ದೋರು ಕಣಿವೆಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು, ರೈಲಾ, ಗುಂಪಿನ ವ್ಯಾನಾ, ಖಾಸಗಿ ಗೈಡಾ ಅಂತ. ಹತ್ತು ಜನ ಹನ್ನೆರಡು ಉತ್ತರ ಕೊಟ್ಟಿರಿ. ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ ಬಂದೆವು. ಬಂದು ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೆ, ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ. (ನಕ್ಷೆಯಲ್ಲಿ ಡೌರೋ ಅಂತ ಕಾಣುತ್ತದೆ. ಅಲ್ಲಿಯವರ ಬಾಯಲ್ಲಿ ಅದು ದೋರು.)

ಮೊದಲು ನಮ್ಮ ತಂಡದ ಪರಿಸ್ಥಿತಿ. ಅಪ್ಪನಿಗೆ 66. ದೇವನಹಳ್ಳಿ ಹತ್ತಿರ ಎರಡೂವರೆ ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಇದೆ. ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಅಮ್ಮ ಶನಿವಾರ ನಾನ್‌ವೆಜ್ ಮುಟ್ಟುವುದಿಲ್ಲ, ನಮಗೆ ಸಿಕ್ಕಿದ್ದು ಶನಿವಾರವೇ. ಹೆಂಡತಿಗೆ ವೈನ್ ಇಷ್ಟ, ಆದರೆ ಮಾವನ ಎದುರು ಗ್ಲಾಸ್ ಹಿಡಿಯಲು ಸಂಕೋಚ. ನಾನು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುವ ಸಾಮಾನ್ಯ ಪ್ರಾಣಿ. "ವೈನ್ ಟೂರ್" ಅಂದ ಕೂಡಲೇ ಅಪ್ಪ "ನಂಗ್ಯಾಕಪ್ಪ ಅದು, ನೀವು ಹೋಗಿಬನ್ನಿ, ನಾನು ರೂಮಲ್ಲೇ ಇರ್ತೀನಿ" ಅಂದರು. ದ್ರಾಕ್ಷಿ ತೋಟ ನೋಡೋಕೆ ಹೋಗ್ತಿರೋದು ಅಂತ ಹೇಳಿ ಹೊರಡಿಸಿದೆ. ಸುಳ್ಳೇನಲ್ಲ, ಅಲ್ವಾ?

ಖರ್ಚು ಹೇಳಿಬಿಡುತ್ತೇನೆ. ನಾಲ್ಕು ಜನಕ್ಕೆ ಕಾರು ಮತ್ತು ಗೈಡ್, ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ, 460 ಯೂರೋ. ಊಟ, ಎರಡು ಕಡೆ ವೈನ್ ರುಚಿ, ಒಂದು ಗಂಟೆ ದೋಣಿ ಬೇರೆ. ಎಲ್ಲ ಸೇರಿ 650 ದಾಟಿತು. ರೂಪಾಯಿ ಲೆಕ್ಕ ಅಪ್ಪನಿಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ಗೈಡ್ ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸು. ಕಾರು ಓಡಿಸುವುದೂ ಅವರೇ. ಅಮ್ಮನಿಗೆ ಅದು ಭಾರಿ ಹಿಡಿಸಿತು. ನಾವು ಹೊರಟ ಪೋರ್ಟೊ ನಗರದಲ್ಲಿ ಮಂಜು, ಜಿನುಗು ಮಳೆ. ಹೆದ್ದಾರಿಯಲ್ಲಿ ಒಂದು ಗಂಟೆ ಹೋದ ಮೇಲೆ ಮರಾಂವ್ ಬೆಟ್ಟದ ಸುರಂಗ ಬಂತು. 2016ರಲ್ಲಿ ಶುರುವಾಯಿತಂತೆ, ಐದೂವರೆ ಕಿ.ಮೀ. ಮೀರಿದ ಉದ್ದ. ಆ ಕಡೆ ಬಾಯಿಂದ ಹೊರಬಂದರೆ ಬಿಸಿಲು, ನೀಲಿ ಆಕಾಶ, ಒಣ ಗಾಳಿ. ಅಟ್ಲಾಂಟಿಕ್‌ನಿಂದ ಬರುವ ಮಳೆಯನ್ನು ಈ ಬೆಟ್ಟ ತಡೆದು ನಿಲ್ಲಿಸುತ್ತದೆ ಅಂತ ಗೈಡ್ ವಿವರಿಸುತ್ತಿದ್ದರು. ನಾನು ಕನ್ನಡ ಮಾಡಿ ಹೇಳುವ ಮೊದಲೇ ಅಪ್ಪ "ಶಿರಾಡಿ ಹತ್ತಿ ಹಾಸನಕ್ಕೆ ಬಂದಂಗೆ" ಅಂದರು. ದೋರು ಜನರ ಒಂದು ಮಾತಿದೆಯಂತೆ: ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ.

ಮೊದಲ ನೋಟ ಹೇಗಿತ್ತು ಅಂತ ಬರೆಯಲು ಬರುವುದಿಲ್ಲ. ಕೆಳಗೆ ನದಿ, ಎರಡೂ ಕಡೆ ಬೆಟ್ಟ, ಬುಡದಿಂದ ತುದಿವರೆಗೆ ಮೆಟ್ಟಿಲು ಮೆಟ್ಟಿಲು ದ್ರಾಕ್ಷಿ. ನಾವೆಲ್ಲ ಫೋನ್ ತೆಗೆದೆವು. ಅಪ್ಪ ಮಾತ್ರ ರಸ್ತೆ ಪಕ್ಕದ ತೋಟಕ್ಕೆ ಇಳಿದು ಕೂತು ನೆಲ ಕೆದಕಿದರು. ಕೈಗೆ ಬಂದದ್ದು ಕಲ್ಲಿನ ಚಕ್ಕೆಗಳು. "ಮಣ್ಣೆಲ್ಲೋ? ಸ್ಲೇಟು ಒಡೆದು ಹಾಕಿದಂಗೈತೆ!" ಗೈಡ್ ನಕ್ಕು, ಇದೇ ಮಣ್ಣು ಅಂದರು. ಶಿಸ್ಟ್ ಅನ್ನುವ ಪದರುಗಲ್ಲು. ಪದರಗಳು ನೆಟ್ಟಗೆ ನಿಂತಿರುವುದರಿಂದ ಬೇರು ಸಂದಿಯಲ್ಲಿ ಆಳಕ್ಕೆ ಇಳಿದು ನೀರು ಹುಡುಕಿಕೊಳ್ಳುತ್ತದೆ. ಹಳೇ ತೋಟಗಳಲ್ಲಿ ಬೋರೂ ಇಲ್ಲ, ಡ್ರಿಪ್ಪೂ ಇಲ್ಲ. ಎಕರೆಗೆ ಎಷ್ಟು ಬರುತ್ತೆ ಅಂತ ಅಪ್ಪ ಕೇಳಿಸಿದರು. ಪೋರ್ಟ್ ಅನ್ನುವ ಇಲ್ಲಿನ ಸಿಹಿ ವೈನ್‌ಗೆ ಕಾನೂನಿನ ಮಿತಿಯೇ ಹೆಕ್ಟೇರ್‌ಗೆ 55 ಹೆಕ್ಟೋಲೀಟರ್ (5,500 ಲೀಟರ್). ದ್ರಾಕ್ಷಿ ಲೆಕ್ಕದಲ್ಲಿ ಎಕರೆಗೆ ಸುಮಾರು 3 ಟನ್. ಎಷ್ಟೋ ಕಡೆ ಅಷ್ಟೂ ಬರುವುದಿಲ್ಲ. ಎಕರೆಗೆ 12 ಟನ್ ಬರದಿದ್ದರೆ ರಾತ್ರಿ ನಿದ್ದೆ ಮಾಡದ ನಮ್ಮಪ್ಪ ಆ ಮನುಷ್ಯರ ಬಗ್ಗೆ ಅರ್ಧ ಗಂಟೆ ಮರುಗಿದರು.

ಮೊದಲು ಹೋದ ತೋಟದ ಮನೆ (ಕಿಂತಾ ಅನ್ನುತ್ತಾರೆ) ನಿರಾಸೆ. ಹೆಸರು ಬೇಡ. ನಲವತ್ತು ಜನರ ಜೊತೆ ಸಾಲಾಗಿ ನಿಲ್ಲಿಸಿ, ಕಂಠಪಾಠದ ಭಾಷಣ ಒಪ್ಪಿಸಿ, ನೇರ ಅಂಗಡಿಗೆ ಬಿಟ್ಟರು. ಖಾಸಗಿ ಗೈಡ್ ಇದ್ದರೂ ಒಳಗೆ ಹೋದ ಮೇಲೆ ಎಲ್ಲರೂ ಕುರಿಮಂದೆಯೇ. ಬುಕ್ ಮಾಡುವಾಗ ಇದನ್ನು ಯಾರೂ ಹೇಳುವುದಿಲ್ಲ.

ಎರಡನೆಯದು ಚಿಕ್ಕದು, ಚೆನ್ನಾಗಿತ್ತು. ಗ್ರಾನೈಟ್ ಕಲ್ಲಿನ ತೊಟ್ಟಿ ತೋರಿಸಿದರು, ಮೊಣಕಾಲೆತ್ತರಕ್ಕೆ ನೇರಳೆ ಕಲೆ. ಕೊಯ್ಲಿನ ರಾತ್ರಿಗಳಲ್ಲಿ ಜನ ಹೆಗಲ ಮೇಲೆ ಕೈ ಹಾಕಿಕೊಂಡು ಸಾಲಾಗಿ ತುಳಿಯುತ್ತಾರಂತೆ. ಎರಡು ಮೂರು ದಿನ ಹುದುಗಿದ ಮೇಲೆ, ಸಕ್ಕರೆ ಇನ್ನೂ ಉಳಿದಿರುವಾಗಲೇ, 77% ಇರುವ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಹುದುಗು ಅಲ್ಲಿಗೇ ನಿಲ್ಲುತ್ತದೆ, ಸಿಹಿ ಉಳಿಯುತ್ತದೆ. ಪೋರ್ಟ್ ಸಿಹಿಯಾಗಿದ್ದರೂ 20% ಹತ್ತಿರ ಇರುವುದು ಅದಕ್ಕೇ.

ಮೇಜಿನ ಮೇಲೆ ನಾಲ್ಕು ಜನಕ್ಕೂ ಗ್ಲಾಸ್ ಬಂತು, ಪಕ್ಕದಲ್ಲಿ ಒಂದು ಪಾತ್ರೆ. ಇದ್ಯಾಕೆ ಅಂತ ಅಪ್ಪ ಕೇಳಿದರು. ಬಾಯಿಗೆ ಹಾಕಿ ರುಚಿ ನೋಡಿ ಉಗಿಯೋಕೆ ಅಂದೆ. "ದುಡ್ಡು ಕೊಟ್ಟು ಬಾಯಿಗೆ ಹಾಕ್ಕೊಂಡು ಉಗಿಯೋದಾ?" ಎರಡು ನಿಮಿಷ ಯೋಚನೆ ಮಾಡಿ ತಮ್ಮ ಗ್ಲಾಸನ್ನು ಸೊಸೆ ಕಡೆ ಸರಿಸಿದರು. "ತಗೋಳಮ್ಮ, ವೇಸ್ಟ್ ಮಾಡಬೇಡ." ಆರು ವರ್ಷದ ಸಂಕೋಚ ಅಲ್ಲಿಗೆ ಮುಗಿಯಿತು.

ಈಗ ಪ್ರಶ್ನೆ. ಈ ದುಡ್ಡಿಗೆ ಇದು ಸರಿಯಾ? ನನ್ನ ಉತ್ತರ ಸರಿ ಅಂತ. ನಿಮ್ಮದು?

ಲೆಕ್ಕದ_ಮೇಷ್ಟ್ರು

ಬರವಣಿಗೆ ಚೆನ್ನಾಗಿದೆ, ಲೆಕ್ಕ ಚೆನ್ನಾಗಿಲ್ಲ. ರೈಲಿನಲ್ಲಿ ಪೋರ್ಟೊದಿಂದ ಕಣಿವೆ ನಡುವಿನ ಊರು ಪಿನ್ಯಾಂವ್‌ಗೆ ಒಬ್ಬರಿಗೆ 12 ಯೂರೋ ಆಸುಪಾಸು. ಹೋಗಿ ಬರಲು ನಾಲ್ಕು ಜನಕ್ಕೆ 100. ಇಳಿದ ಮೇಲೆ ನಡೆದೇ ಹೋಗಬಹುದಾದ ಎರಡು ಮೂರು ತೋಟದ ಮನೆಗಳಿವೆ, ದೋಣಿ ಕಟ್ಟೆ ಸ್ಟೇಷನ್ ಹತ್ತಿರವೇ ಇದೆ. ನೀವು ನೋಡಿದ ನದಿ, ಬೆಟ್ಟ, ತೊಟ್ಟಿ, ಪಾತ್ರೆ ಎಲ್ಲ ಅಲ್ಲೂ ಸಿಗುತ್ತವೆ. ಹಾಗಾದರೆ ಮಿಕ್ಕ 360 ಯೂರೋಗೆ ಸಿಕ್ಕಿದ್ದೇನು? ಸುರಂಗವಾ? ಅದಕ್ಕೆ 2025ರಿಂದ ಟೋಲೂ ಇಲ್ಲ.

ಜಗಳಕ್ಕೆ ಕೇಳುತ್ತಿಲ್ಲ. "ಖಾಸಗಿ" ಅನ್ನುವ ಪದಕ್ಕೇ ನಾವು ದುಡ್ಡು ಕೊಡುತ್ತೇವೆ ಅಂತ ನನ್ನ ಗುಮಾನಿ.

ರೈಲು_ಹುಚ್ಚ

ಮೇಷ್ಟ್ರಿಗೆ ನನ್ನ ಓಟು. ಹೋಗುವವರು ಇದೊಂದು ನೆನಪಿಡಿ: ಪೋರ್ಟೊದಿಂದ ಹೊರಡುವಾಗ ಬಲಗಡೆ ಕಿಟಕಿ ಹಿಡಿಯಿರಿ. ಮೊದಲ ಒಂದು ಗಂಟೆ ಏನೂ ಇಲ್ಲ, ಕಾರ್ಖಾನೆ, ಹಿತ್ತಿಲು, ಒಣಗಿಹಾಕಿದ ಬಟ್ಟೆ. ಆಮೇಲೆ ನದಿ ಬಂದು ಹಳಿಗೆ ಅಂಟಿಕೊಂಡರೆ ಪಿನ್ಯಾಂವ್‌ವರೆಗೂ ಬಿಡುವುದಿಲ್ಲ. ಎಡಗಡೆ ಕೂತವನಿಗೆ ಅಲ್ಲಿಂದ ಮುಂದೆ ಬರೀ ಬಂಡೆ ದರ್ಶನ. ನಾನು ಮೊದಲ ಸಲ ಹಾಗೇ ಕೂತಿದ್ದೆ.

ಪಿನ್ಯಾಂವ್ ಸ್ಟೇಷನ್ನಿನ ಗೋಡೆಯನ್ನು ರೈಲಿನವರು, ಕಾರಿನವರು ಎಲ್ಲರೂ ನೋಡಲೇಬೇಕು. ನೀಲಿ ಬಿಳಿ ಹೆಂಚುಗಳ 24 ಚಿತ್ರ, 1937ರದ್ದು. ದ್ರಾಕ್ಷಿ ಕೀಳುವುದು, ಬುಟ್ಟಿ ಹೊರುವುದು, ದೋಣಿ, ಎಲ್ಲ ಇದೆ. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮ್ ಖಾಲಿಯಾಗುತ್ತದೆ, ಆಗ ನಿಧಾನಕ್ಕೆ ನೋಡಿ.

ಇನ್ನೊಂದು ಕತೆ. ರೈಲು ಬರುವ ಮೊದಲು ಮೇಲಿನ ತೋಟಗಳಿಂದ ಕೆಳಗೆ ಪೋರ್ಟೊ ಕಡೆಗೆ ವೈನ್ ಬರುತ್ತಿದ್ದದ್ದು ರಬೇಲು ಅನ್ನುವ ಚಪ್ಪಟೆ ತಳದ ದೋಣಿಯಲ್ಲಿ. ಆಗ ಅಣೆಕಟ್ಟು ಇರಲಿಲ್ಲ, ನದಿ ಸುಮ್ನೆ ಬಿಡುತ್ತಿರಲಿಲ್ಲ. 1861ರಲ್ಲಿ ವಲೇರಾ ಅನ್ನುವ ಕಡೆ ಒಂದು ದೋಣಿ ಮಗುಚಿತು. ಈ ನದಿಯ ನಕ್ಷೆ ಬರೆದಿದ್ದ ಬ್ಯಾರನ್ ಫಾರೆಸ್ಟರ್ ಅದೇ ನದಿಯಲ್ಲಿ ಮುಳುಗಿದರು. ಸೊಂಟದಲ್ಲಿ ಚಿನ್ನದ ನಾಣ್ಯದ ಪಟ್ಟಿ ಇತ್ತು, ಅದೇ ಎಳೆದುಕೊಂಡು ಹೋಯಿತು ಅಂತಾರೆ. ಅದೇ ದೋಣಿಯಲ್ಲಿದ್ದ ದೊನಾ ಅಂತೋನಿಯಾ, ಇಡೀ ಕಣಿವೆಯಲ್ಲೇ ದೊಡ್ಡ ತೋಟಗಾರ್ತಿ, ಬದುಕಿದರು. ಅವರ ಅಗಲ ಲಂಗ ಗಾಳಿ ತುಂಬಿ ತೇಲಿಸಿತು ಅಂತ ಕತೆ. ನಾನು ರೈಲಲ್ಲೇ ಹೋಗುವುದಕ್ಕೆ ಇನ್ನೇನು ಕಾರಣ ಬೇಕು?

ಕರಾವಳಿ_ಕೊಂಕ್ಣಿ

ನಾನು ಮಂಗಳೂರಿನವಳು, ಮನೆಮಾತು ಕೊಂಕಣಿ. ಅಲ್ಲಿಗೆ ಹೋದಾಗ ನನಗೆ ವೈನ್‌ಗಿಂತ ಜಾಸ್ತಿ ಮತ್ತು ಹತ್ತಿಸಿದ್ದು ಮಾತು. ಬ್ರೆಡ್ಡಿಗೆ ಪಾಂವ್, ನಮ್ಮ ಮನೆಯಲ್ಲೂ ಪಾಂವ್. ಹೋಟೆಲ್‌ನವರು ಬೀಗದ ಕೈಗೆ ಶಾವ್ ಅಂದರು, ನಮ್ಮ ಚಾವಿ. ಆಲೂಗೆಡ್ಡೆ ಬತಾತ. ಅನಾನಸ್ ಅನಾನಸ್ಸೇ. ಬಿಲ್ ಕೊಡುವುದು ಪಗಾರ್, ನಮಗೆ ಸಂಬಳ ಬರುವುದೂ ಪಗಾರ.

ತೊಟ್ಟಿಯ ಕತೆ ಬರೆದಿರಲ್ಲ, ಅದಕ್ಕೊಂದು ಸೇರಿಸುತ್ತೇನೆ. ಪೋರ್ಟ್ ತುಂಬಿಡುವ ಮರದ ಪಾತ್ರೆ ಇದೆಯಲ್ಲ, 550 ಲೀಟರಿನದು, ಅದಕ್ಕೆ ಅವರು ಪೀಪ ಅನ್ನುತ್ತಾರೆ. ನಮ್ಮ ಪೀಪಾಯಿ! ನಮ್ಮಜ್ಜಿ ಮನೆಯಲ್ಲಿ ನೀರು ಹಿಡಿದಿಡುತ್ತಿದ್ದ ಪೀಪಾಯಿಯ ಹೆಸರು ಅವರ ಭಾಷೆಯಿಂದ ಬಂದದ್ದು ಅಂತ ಗೊತ್ತಾಗಿ ನಾನು ನೆಲಮಾಳಿಗೆಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಗುಂಪಿನವರೆಲ್ಲ ತಿರುಗಿ ನೋಡಿದರು. ಹೌದು, ನಾನು ಗುಂಪಿನ ವ್ಯಾನಿನಲ್ಲಿ ಹೋದವಳು. ಎಂಟು ಜನ, ಅದರಲ್ಲಿ ಒಬ್ಬ ಊಟದ ಹೊತ್ತಿಗೇ ಟೈಟ್. ಸಂಜೆ ದಾರಿಯುದ್ದಕ್ಕೂ ಅವನ ಹಾಡು. ಅಣ್ಣ, ನೀವು ಕೊಟ್ಟ ದುಡ್ಡಿನಲ್ಲಿ ಅರ್ಧ ಆ ಹಾಡು ಕೇಳದೇ ಇರುವುದಕ್ಕೆ ಅಂತ ತಿಳ್ಕೊಳ್ಳಿ.

ದೇವನಹಳ್ಳಿ_ಮಗ

ಮೇಷ್ಟ್ರೇ, 360 ಯೂರೋಗೆ ಸಿಕ್ಕಿದ್ದು ಒಂದು ಚಪ್ಪರ. ಮೊದಲ ಪೋಸ್ಟಿನಲ್ಲಿ ಬೇಕಂತಲೇ ಬರೆದಿರಲಿಲ್ಲ.

ಊಟ ಆದ ಮೇಲೆ ಪಟ್ಟಿಯ ಪ್ರಕಾರ ಇನ್ನೊಂದು ಕಿಂತಾ ಇತ್ತು. ಅಪ್ಪನಿಗೆ ಸಾಕಾಗಿತ್ತು. ಮುಖ ನೋಡಿ ಗೈಡಿಗೂ ಗೊತ್ತಾಯಿತು. ನಿಮ್ಮ ತಂದೆ ಊರಲ್ಲಿ ಯಾವ ದ್ರಾಕ್ಷಿ ಬೆಳೆಯುತ್ತಾರೆ ಅಂತ ಕೇಳಿದರು. ಹೆಸರು ಹೇಳಿದರೆ ಅರ್ಥವಾಗಲಿಲ್ಲ. ಅಪ್ಪ ಕೈಯಲ್ಲೇ ವಿವರಿಸಿದರು: ಕರಿ ಬಣ್ಣ, ಮೇಲೆ ಬೂದಿ ಹಚ್ಚಿದಂತೆ, ಒಳಗೆ ಬೀಜ, ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ತಿರುಳು ಪುಸಕ್ಕಂತ ಬಾಯಿಗೆ. ವಾಸನೆ ಮಾತ್ರ ಕೈಯಲ್ಲಿ ತೋರಿಸಲು ಆಗಲಿಲ್ಲ, ಮೂಗು ಮುಟ್ಟಿ ಕಣ್ಣು ಮುಚ್ಚಿದರು. ಗೈಡ್ ಒಂದು ನಿಮಿಷ ಸುಮ್ಮನಿದ್ದು, ಮೂರನೇ ತೋಟ ಬಿಡೋಣ, ನಮ್ಮ ಅಮ್ಮನ ಮನೆಗೆ ಹೋಗೋಣ, ಹತ್ತು ನಿಮಿಷದ ದಾರಿ ಅಂದರು.

ಪಿನ್ಯಾಂವ್ ಮೇಲಿನ ಬೆಟ್ಟದ ನೆತ್ತಿಯಲ್ಲಿ ಒಂದು ಚಿಕ್ಕ ಊರು. ಅಲ್ಲಿಗೆ ಹೋಗುವಷ್ಟರಲ್ಲಿ ಸ್ಲೇಟಿನಂಥ ಕಲ್ಲು ಮುಗಿದು ಗ್ರಾನೈಟ್ ಶುರುವಾಗಿತ್ತು. ಮನೆ ಹಿಂದೆ ಅಂಗಳ. ಅಂಗಳದ ಮೇಲೆ ಕಲ್ಲು ಕಂಬ ನೆಟ್ಟು, ತಂತಿ ಎಳೆದು ಹಬ್ಬಿಸಿದ ಚಪ್ಪರ. ನಮ್ಮ ಕಡೆ ತೋಟ ನೋಡಿದವರಿಗೆ ಗೊತ್ತು, ಆಳೆತ್ತರದ ಕಲ್ಲು ಕಂಬ, ಕೆಳಗೆ ನೆರಳು. ಡಿಟ್ಟೋ ಅದೇ. ಅಮ್ಮ ಬಾಯಿ ಬಿಟ್ಟು ನಿಂತರು.

ಅಪ್ಪ ಹಣ್ಣಿಗೆ ಕೈ ಹಾಕಲಿಲ್ಲ. ಮೊದಲು ಒಂದು ಎಲೆ ಮಗುಚಿ ನೋಡಿದರು. ಹಿಂಭಾಗ ಬೆಳ್ಳಗೆ, ಹತ್ತಿ ಅಂಟಿಸಿದಂತೆ ನವಿರು. ಬೆಳಿಗ್ಗೆಯಿಂದ ನೋಡಿದ ಯಾವ ತೋಟದಲ್ಲೂ ಎಲೆ ಹಾಗಿರಲಿಲ್ಲ. ಆಮೇಲೆ ಕಂಬ ಸವರಿದರು. ಕಂಬದ ಮೇಲೆ ತಿಳಿ ನೀಲಿ ಕಲೆ. "ಮೈಲುತುತ್ತು ಕಣೋ. ಬೋರ್ಡೋ ಹೊಡ್ದವ್ರೆ." (ಬೋರ್ಡೋ ಅಂದರೆ ರೋಗ ಬರದಂತೆ ಗಿಡಕ್ಕೆ ಹೊಡೆಯುವ ಮೈಲುತುತ್ತು, ಸುಣ್ಣದ ನೀರು.) ಅಷ್ಟು ಹೊತ್ತಿಗೆ ಗೈಡಿನ ತಾಯಿ ಕಪ್ಪು ಸೀರೆ ಅಲ್ಲ, ಕಪ್ಪು ಗೌನು ಉಟ್ಟು ಹೊರಗೆ ಬಂದು (ನನ್ನ ಕಣ್ಣಿಗೆ ಸೀರೆಯಂತೆಯೇ ಕಂಡಿತು), ಒಂದು ಗೊಂಚಲು ಕತ್ತರಿಸಿ ಕೊಟ್ಟರು. ಅಪ್ಪ ಒಂದು ಹಣ್ಣು ಒತ್ತಿ ಬಾಯಿಗೆ ಹಾಕಿಕೊಂಡರು. ಸಿಪ್ಪೆ ಬೆರಳಲ್ಲೇ ಇತ್ತು. "ಇದು ನಮ್ದೇ."

ನಾನೂ ತಿಂದೆ. ನಮ್ಮದೇ. ಸಂತೆಯಲ್ಲಿ ಬುಟ್ಟಿ ಹತ್ತಿರ ಹೋದರೆ ಮೂಗಿಗೆ ಹೊಡೆಯುವ ಅದೇ ವಾಸನೆ.

ಆಮೇಲೆ ಮುಕ್ಕಾಲು ಗಂಟೆ ಅಪ್ಪ ಮತ್ತು ಆ ಅಜ್ಜಿ ಮಾತಾಡಿದರು. ಅವರು ಪೋರ್ಚುಗೀಸ್, ಇವರು ಕನ್ನಡ. ಗೈಡ್ ಮತ್ತು ನಾನು ಶುರುವಿನಲ್ಲಿ ಅನುವಾದ ಮಾಡುತ್ತಿದ್ದೆವು, ಆಮೇಲೆ ಬಿಟ್ಟುಬಿಟ್ಟೆವು. ಅಪ್ಪ ವರ್ಷಕ್ಕೆ ಎರಡು ಬೆಳೆ ಅಂತ ಎರಡು ಬೆರಳು ತೋರಿಸಿದರು. ಅಜ್ಜಿ ನಂಬಲೇ ಇಲ್ಲ, ಮಗಳನ್ನು ಕರೆದು ಎರಡು ಸಲ ಕೇಳಿಸಿದರು.

ರೈಲು ಈ ಊರಿಗೆ ಹೋಗುವುದಿಲ್ಲ ಮೇಷ್ಟ್ರೇ. ವ್ಯಾನು ನಿಲ್ಲುವುದಿಲ್ಲ.

ತಿಕೋಟಾ_ದ್ರಾಕ್ಷಿ

ಅಣ್ಣಾರ, ನಾ ವಿಜಯಪುರ ಜಿಲ್ಲಾದಾಂವ. ಮನೆಯೊಳಗ ಆರು ಎಕರೆ ಥಾಮ್ಸನ್, ಒಣದ್ರಾಕ್ಷಿ ಮಾಡ್ತೀವಿ. ಕಣ್ಣೀರು ಬರಿಸಿಬಿಟ್ರಿ. ಈಗ ನಾಕು ಪ್ರಶ್ನೆ ಅದಾವ, ನಿಮ್ಮ ಅಪ್ಪಾರನ್ನ ಕೇಳಿ ಹೇಳ್ರಿ.

ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದ್ರ ಕಡ್ಡಿ ಕತ್ತರಿಸೋದು. ಏಪ್ರಿಲ್‌ನಲ್ಲಿ ಒಂದು, ಕಡ್ಡಿ ತಯಾರಾಗಲಿಕ್ಕೆ. ಅಕ್ಟೋಬರ್‌ನಲ್ಲಿ ಒಂದು, ಹಣ್ಣಿಗೆ. ಬೆಳೆ ಮಾತ್ರ ಒಂದೇ. ಅಲ್ಲಿ ಚಳಿಗೆ ಗಿಡ ಮಲಗಿಬಿಡತದ, ಹಂಗಾಗಿ ಒಂದೇ ಚಾಟ್ನಿ ಇರಬೇಕು, ಹೌದಲ್ಲ? ಕತ್ತರಿಸುವಾಗ ಗಿಡಕ್ಕೆ ಎಷ್ಟು ಕಣ್ಣು (ಚಿಗುರೊಡೆಯೋ ಮೊಗ್ಗು) ಬಿಡತಾರ? ಬುಡ ಯಾವುದು? ನಾವು ಡಾಗ್‌ರಿಡ್ಜ್ ಬುಡ ಹಾಕಿ ಮೇಲೆ ಕಸಿ ಮಾಡತೀವಿ. ಉಪ್ಪು ನೀರು ತಡಕೋತದ, ಬರ ತಡಕೋತದ. ಅವರೂ ಅಮೆರಿಕಾದ ಬುಡಾನ ಹಾಕತಾರಂತ ಕೇಳೀನಿ.

ಮತ್ತೊಂದು. ಆ ಮೆಟ್ಟಿಲು ಕಟ್ಟಿದ ಗ್ವಾಡಿ ಬಿದ್ರ ಯಾರು ಕಟ್ಟತಾರ? ಆಳು ಸಿಗತಾರೇನು? ನಮ್ಮಲ್ಲೇ ಬದು ಹಾಕಲಿಕ್ಕೆ ಆಳು ಸಿಗವಲ್ಲವು.

ಲಿಸ್ಬನ್_ನಿವಾಸಿ

ಇಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ವರ್ಷಕ್ಕೊಮ್ಮೆಯಾದರೂ ಆ ಕಡೆ ಹೋಗುತ್ತೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ದೇವನಹಳ್ಳಿ ಅಣ್ಣ, ನಿಮ್ಮ ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಬೆಂಗಳೂರು ಬ್ಲೂ ಅಂದರೆ ಇಸಬೆಲ್ಲಾ ಅನ್ನುವ ತಳಿ. ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಅದರಲ್ಲಿದೆ. ಇಲ್ಲಿ ಅದಕ್ಕೆ ಅಮೆರಿಕನ್ ದ್ರಾಕ್ಷಿ ಅಂತಲೇ ಹೆಸರು, ಸ್ಟ್ರಾಬೆರಿ ದ್ರಾಕ್ಷಿ ಅಂತಲೂ ಅನ್ನುತ್ತಾರೆ. ಹಳ್ಳಿ ಮನೆಗಳ ಚಪ್ಪರದಲ್ಲಿ ಸಾಮಾನ್ಯ. ತಮಾಷೆ ಏನಪ್ಪಾ ಅಂದರೆ, ಅದರ ವೈನ್ ಮಾಡಿ ಮಾರಲು ಯುರೋಪಿಯನ್ ಒಕ್ಕೂಟದ ಕಾನೂನು ಬಿಡುವುದಿಲ್ಲ. ಮನೆಮಟ್ಟಿಗೆ ಮಾಡಿಕೊಂಡು ಕುಡಿಯುತ್ತಾರೆ. ನಿಮ್ಮ ಅಪ್ಪನಿಗೆ ಇಷ್ಟವಾದ ವಾಸನೆಗೆ ವೈನ್ ಪಂಡಿತರು ಇಟ್ಟ ಹೆಸರು ನರಿ ವಾಸನೆ. ದ್ರಾಕ್ಷಿ ಕೈಗೆಟುಕದ ಆ ನರಿಯೇ ಹೆಸರು ಇಟ್ಟಿರಬೇಕು.

ತಿಕೋಟಾ ಸಾಹುಕಾರ್ರೇ, ಹೌದು, ಚಾಟ್ನಿ ಒಂದೇ, ಚಳಿಗಾಲದಲ್ಲಿ. ಬುಡವೂ ಅಮೆರಿಕದ್ದೇ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನುವ ಬೇರಿನ ಹೇನು ಕಣಿವೆಯನ್ನು ತಿಂದು ಹಾಕಿತು. ಅದಕ್ಕೆ ಮದ್ದೂ ಅಮೆರಿಕದ ಬುಡವೇ ಆಯಿತು. ಆಗ ಬಿಟ್ಟುಹೋದ ಮೆಟ್ಟಿಲುಗಳು ಇನ್ನೂ ಕಾಣುತ್ತವೆ, ಪೊದೆ ಬೆಳೆದ ಗೋಡೆಗಳು. ಅದಕ್ಕೆ ಮೊರ್ತೋರಿಯು ಅನ್ನುತ್ತಾರೆ, ಸತ್ತ ಜಾಗ ಅನ್ನುವ ಹಾಗೆ. ಕೆಲವು ಕಡೆ ಆಲಿವ್ ಮರ ಹಾಕಿಕೊಂಡರು.

ಗೋಡೆ ಕಟ್ಟುವ ಆಳು? ಸಿಗುವುದಿಲ್ಲ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸುವ ಕೆಲಸ, ಬಲ್ಲವರು ಕಡಿಮೆ, ಕೂಲಿ ಜಾಸ್ತಿ. 1970ರ ದಶಕದಿಂದ ಬುಲ್ಡೋಜರ್ ತಂದು ಗೋಡೆಯೇ ಇಲ್ಲದ ಮಣ್ಣಿನ ಮೆಟ್ಟಿಲು ಮಾಡಿದರು. ಇಳಿಜಾರು ಕಮ್ಮಿ ಇರುವ ಕಡೆ ಮೆಟ್ಟಿಲನ್ನೂ ಬಿಟ್ಟು ಮೇಲಿಂದ ಕೆಳಕ್ಕೆ ನೇರ ಸಾಲು. ಒಂದೇ ಬೆಟ್ಟದಲ್ಲಿ ಮೂರೂ ಕಾಣುತ್ತವೆ. ಗೈಡ್ ತೋರಿಸದಿದ್ದರೆ ನಾವು ಎಲ್ಲವನ್ನೂ "ಸೂಪರ್" ಅಂದು ಮುಂದೆ ಹೋಗುತ್ತೇವೆ. 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹಳೇ ಗೋಡೆಗಳಿಗೆ ಸ್ವಲ್ಪ ಮರ್ಯಾದೆ ಬಂದಿದೆ.

ಕಲ್ಲು ಕಂಬದ ಮಾತು ಬಂತಲ್ಲ. 1756ರಲ್ಲಿ ಮಾರ್ಕ್ವಿಸ್ ಪೊಂಬಾಲ್ ಅನ್ನುವ ಮಂತ್ರಿ ಈ ಕಣಿವೆಗೆ ಗಡಿ ಹಾಕಿದ. ಮುಂದಿನ ಕೆಲವು ವರ್ಷಗಳಲ್ಲಿ 300ಕ್ಕೂ ಹೆಚ್ಚು ಗ್ರಾನೈಟ್ ಗಡಿಗಲ್ಲು ನೆಟ್ಟರು. ಇದರ ಒಳಗೆ ಬೆಳೆದದ್ದು ಮಾತ್ರ ಪೋರ್ಟ್. ಯಾಕೆ ಅಂದರೆ ಕಲಬೆರಕೆ. ಬಣ್ಣ ಬರಲಿ ಅಂತ ವ್ಯಾಪಾರಿಗಳು ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸುತ್ತಿದ್ದರು. ಪೊಂಬಾಲ್ ಆ ಗಿಡಗಳನ್ನೇ ಬೇರು ಸಮೇತ ಕೀಳಿಸಿದ. ಹಾಲಿಗೆ ನೀರು ಹಾಕುತ್ತಾರೆ ಅಂತ ಊರ ಬಾವಿ ಮುಚ್ಚಿಸಿದ ಹಾಗೆ.

ಸುಮಾ_ಸಸ್ಯಾಹಾರಿ

ಎಲ್ಲ ಓದಿದೆ, ಊಟದ ಕತೆ ಯಾರೂ ಹೇಳಲಿಲ್ಲ! ನಿಮ್ಮ ಅಮ್ಮ ಶನಿವಾರ ಏನು ತಿಂದರು? ನಮ್ಮತ್ತೆ ಈರುಳ್ಳಿ ಬೆಳ್ಳುಳ್ಳಿಯೂ ತಿನ್ನಲ್ಲ, ಜೊತೆಗೆ ಘಾಟಿ ರಸ್ತೆ ಅಂದರೆ ವಾಂತಿ. ಕರೆದುಕೊಂಡು ಹೋಗಬಹುದಾ?

ದೇವನಹಳ್ಳಿ_ಮಗ

ಸುಮಾ ಅಕ್ಕ, ಊಟ ಕಷ್ಟವೇ. ಕಾಲ್ದು ವೆರ್ದ್ ಅಂತ ಹಸಿರು ಸೊಪ್ಪು ಆಲೂಗೆಡ್ಡೆ ಹಾಕಿದ ಗಂಜಿಯಂಥ ಸೂಪು. ಹೆಸರು ಕೇಳಿದರೆ ಶುದ್ಧ ಸಸ್ಯಾಹಾರಿ. ತಂದು ಅಮ್ಮನ ಮುಂದೆ ಇಟ್ಟಾಗ ನಟ್ಟ ನಡುವೆ ಒಂದು ಬಿಲ್ಲೆ ಹಂದಿ ಸಾಸೇಜ್ ತೇಲುತ್ತಿತ್ತು. ಮಾಣಿ ಚಮಚದಲ್ಲಿ ಅದನ್ನು ತೆಗೆದು, ಈಗ ಸಸ್ಯಾಹಾರಿ ಅನ್ನುವಂತೆ ನಕ್ಕ. ಗೈಡ್ ಅಡುಗೆಮನೆಗೇ ಹೋಗಿ ಹೇಳಿದ ಮೇಲೆ ಮೊಟ್ಟೆ ಇಲ್ಲದೆ, ಮೀನು ಇಲ್ಲದೆ, ಸುಟ್ಟ ಆಲೂ, ಟೊಮೆಟೊ ಅನ್ನ, ಸಲಾಡ್, ಆಲಿವ್ ಬಂತು. ಅಮ್ಮ ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಅನ್ನಕ್ಕೆ ಹಾಕಿಕೊಂಡರು. ಗೈಡೂ ಸ್ವಲ್ಪ ಹಾಕಿಸಿಕೊಂಡು ಎರಡು ಲೋಟ ನೀರು ಕುಡಿದರು. ಅತ್ತೆಗೆ ಈರುಳ್ಳಿಯೂ ಬೇಡ ಅಂದರೆ ಬುತ್ತಿ ಕಟ್ಟಿಕೊಂಡೇ ಹೋಗಿ. ಮೊದಲೇ ಹೇಳಿದರೆ ಗೈಡ್ ನದಿ ಪಕ್ಕ ಕೂತು ತಿನ್ನುವ ಜಾಗ ತೋರಿಸುತ್ತಾರೆ.

ರಸ್ತೆ: ಕಣಿವೆಯ ರೇಗುವಾ ಊರಿಂದ ಪಿನ್ಯಾಂವ್‌ವರೆಗಿನ ನದಿ ದಂಡೆ ರಸ್ತೆ 27 ಕಿ.ಮೀ. ಜಗತ್ತಿನ ಅತ್ಯುತ್ತಮ ಡ್ರೈವಿಂಗ್ ರಸ್ತೆ ಅಂತ 2015ರಲ್ಲಿ ಹೆಸರು ಮಾಡಿದ್ದು. ಡ್ರೈವ್ ಮಾಡುವವರಿಗೆ ಅತ್ಯುತ್ತಮ, ಹಿಂದೆ ಕೂತವರಿಗೆ ಅಲ್ಲ. ಅಮ್ಮನಿಗೆ ಎರಡು ಸಲ ನಿಲ್ಲಿಸಬೇಕಾಯಿತು. ನಿಂಬೆಹಣ್ಣು ಮೂಸುತ್ತಾ ಕೂತರು. ಖಾಸಗಿ ಕಾರಾದ್ದರಿಂದ ಯಾರ ಮುಖವನ್ನೂ ನೋಡದೆ ನಿಲ್ಲಿಸಿದೆವು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ.

ನೀವೇ ಕಾರು ಓಡಿಸಿಕೊಂಡು ಹೋಗುವ ಯೋಚನೆ ಇದ್ದವರಿಗೆ: ಅಲ್ಲಿ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ. ಎರಡು ಕಡೆ ರುಚಿ ನೋಡಿ ಆ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿಯುವುದು ಬೇಡವೇ ಬೇಡ.

ಲೆಕ್ಕದ_ಮೇಷ್ಟ್ರು

ಚಪ್ಪರದ ಕತೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಒಂದು ಮಾತು. ಆ ಚಪ್ಪರ ನೀವು ದುಡ್ಡು ಕೊಟ್ಟು ಕೊಂಡದ್ದಲ್ಲ. ಆ ಹೆಣ್ಣುಮಗಳ ಒಳ್ಳೆತನ. ಬೇರೆಯವರು 460 ಕೊಟ್ಟರೆ ಮೂರನೇ ಕಿಂತಾವೇ ಸಿಗುತ್ತದೆ, ಅಲ್ಲಿ ಗೈಡಿಗೆ ಕಮಿಷನ್ನೂ ಸಿಗುತ್ತಿರಬಹುದು. ಹಾಗಾಗಿ "ಖಾಸಗಿ ಗೈಡ್ ತಗೊಳ್ಳಿ" ಅಂತ ಎಲ್ಲರಿಗೂ ಹೇಳುವುದು ತಪ್ಪು.

ಇನ್ನೊಂದು ಕುತೂಹಲ. ನಿಮ್ಮೂರಿಂದ ದೊಡ್ಡಬಳ್ಳಾಪುರದ ಗ್ರೋವರ್ ತೋಟ ಎಷ್ಟು ದೂರ? ಅಲ್ಲೂ ತೋಟ ತೋರಿಸಿ ವೈನ್ ರುಚಿ ನೋಡಿಸುತ್ತಾರೆ. ನಿಮ್ಮಪ್ಪ ಹೋಗಿದ್ದಾರಾ?

ದೇವನಹಳ್ಳಿ_ಮಗ

ಒಪ್ಪಿದೆ ಮೇಷ್ಟ್ರೇ, ಅದೃಷ್ಟವೂ ಇತ್ತು. ಆದರೆ ಅದೃಷ್ಟ ಬಂದು ನಿಲ್ಲಲು ಜಾಗ ಇತ್ತು. ವೇಳಾಪಟ್ಟಿ ನಮ್ಮ ಕೈಯಲ್ಲಿತ್ತು. ಬುಕ್ ಮಾಡುವವರು ಇಷ್ಟು ಮಾಡಿ: ನಿಮ್ಮ ಮನೆಯವರು ಯಾರು, ಏನು ಕೆಲಸ, ಏನು ತಿನ್ನಲ್ಲ, ಎಲ್ಲ ಮೊದಲೇ ಬರೆದು ಕಳಿಸಿ. ನಾನು "ತಂದೆ ದ್ರಾಕ್ಷಿ ರೈತ, ಕುಡಿಯುವುದಿಲ್ಲ" ಅಂತ ಒಂದು ಸಾಲು ಬರೆದಿದ್ದೆ. ಐದು ಕಡೆ ಕಳಿಸಿದ್ದರಲ್ಲಿ ಆ ಸಾಲಿಗೆ ಉತ್ತರ ಬರೆದದ್ದು ಇವರೊಬ್ಬರೇ. ಮಿಕ್ಕವರು ಬರೀ ರೇಟ್ ಕಳಿಸಿದ್ದರು.

ಗ್ರೋವರ್ ತೋಟದ ಮುಂದೆ ಅಪ್ಪ ಸಾವಿರ ಸಲ ಹೋಗಿದ್ದಾರೆ, ಟೆಂಪೋದಲ್ಲಿ. ಒಳಗೆ ಒಂದು ಸಲವೂ ಹೋಗಿಲ್ಲ. "ಅದು ಕುಡಿಯೋರ ಜಾಗ."

ಬ್ಯಾಗ್_ಪ್ಯಾಕ್_ಬಸವ

ನಾವು ಮೂರು ಜನ ಫ್ರೆಂಡ್ಸ್ ಡಿಸೆಂಬರ್‌ನಲ್ಲಿ ಹೋಗ್ತಿದ್ದೀವಿ. ಯಾರೂ ರೈತರಲ್ಲ, ಎಲ್ಲರೂ ಕುಡಿಯುತ್ತೇವೆ. ಖಾಸಗಿ ಬೇಕಾ?

ರೈಲು_ಹುಚ್ಚ

ಬೇಡ. ರೈಲು. ಬಲಗಡೆ ಕಿಟಕಿ. ಡಿಸೆಂಬರ್‌ನಲ್ಲಿ ಎಲೆ ಉದುರಿ ಬರೀ ಕಡ್ಡಿ ಇರುತ್ತದೆ, ಬೇಗ ಕತ್ತಲಾಗುತ್ತದೆ. ಹಾಗಾಗಿ ಮೊದಲ ರೈಲು ಹಿಡಿಯಿರಿ, ತೋಟದ ಮನೆ ತೆರೆದಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಲಿಸ್ಬನ್_ನಿವಾಸಿ

ಅಥವಾ ಕಣಿವೆಗೇ ಹೋಗದೆ ಪೋರ್ಟೊ ಎದುರಿನ ಗಾಯಾ ದಂಡೆಯಲ್ಲಿ ಇಡೀ ದಿನ ಕಳೆಯಿರಿ. ಪೋರ್ಟ್ ಹಣ್ಣಾಗುವುದು ಅಲ್ಲಿನ ಉಗ್ರಾಣಗಳಲ್ಲಿ, ಕಡಲ ಗಾಳಿಯ ತಂಪಿನಲ್ಲಿ. 1986ರವರೆಗೂ ಅಲ್ಲಿಂದಲೇ ರಫ್ತು ಮಾಡಬೇಕು ಅನ್ನುವ ಕಾನೂನೇ ಇತ್ತು. ನಡೆದುಕೊಂಡೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಮೂರನೆಯದರ ಹೊತ್ತಿಗೆ ನಡೆಯಲು ಆದರೆ.

ತಿಕೋಟಾ_ದ್ರಾಕ್ಷಿ

ನನ್ನ ಕಣ್ಣಿನ ಪ್ರಶ್ನೆ ಹಂಗೇ ಉಳೀತು. ಮತ್ತ ಒಂದು ಹೊಸಾದು: ಎಕರೆಗೆ ಮೂರು ಟನ್ ಬೆಳೆದು ಹೊಟ್ಟಿ ಹ್ಯಾಂಗ ತುಂಬತದ?

ಲಿಸ್ಬನ್_ನಿವಾಸಿ

ಕಷ್ಟ ಸಾಹುಕಾರ್ರೇ. ಪ್ರತಿ ತೋಟಕ್ಕೂ ಮಣ್ಣು, ಎತ್ತರ, ಇಳಿಜಾರು ನೋಡಿ ಎ ಇಂದ ಎಫ್‌ವರೆಗೆ ದರ್ಜೆ ಇದೆ. ಆ ದರ್ಜೆ ಮೇಲೆ ಈ ವರ್ಷ ನಿನ್ನ ದ್ರಾಕ್ಷಿಯಲ್ಲಿ ಇಷ್ಟು ಪೋರ್ಟ್ ಮಾಡಬಹುದು ಅಂತ ಚೀಟಿ ಬರುತ್ತದೆ. ಚೀಟಿ ಇರುವ ದ್ರಾಕ್ಷಿಗೆ ಒಳ್ಳೆ ರೇಟು, ಉಳಿದದ್ದು ಸಾದಾ ವೈನ್‌ಗೆ ಹೋಗುತ್ತದೆ, ಅದಕ್ಕೆ ಅರ್ಧವೂ ಸಿಗುವುದಿಲ್ಲ. 2024ರ ಕೊಯ್ಲಿನಲ್ಲಿ ಎಷ್ಟೋ ಸಣ್ಣ ರೈತರ ದ್ರಾಕ್ಷಿ ಕೇಳುವವರೇ ಇರಲಿಲ್ಲ. ಬೀದಿಗಿಳಿದು ಪ್ರತಿಭಟನೆ ಮಾಡಿದರು.

ದೇವನಹಳ್ಳಿ_ಮಗ

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಈ ಮಾತುಕತೆ ಎಲ್ಲ ಓದಿ ಹೇಳಿದೆ. ಸ್ಪೀಕರಿನಲ್ಲಿ ಹಾಕಿ ಪಕ್ಕದ ತೋಟದವರನ್ನೂ ಕೂರಿಸಿಕೊಂಡಿದ್ದರು.

ತಿಕೋಟಾ ಅಣ್ಣನಿಗೆ: ಅಪ್ಪ ಎಣಿಸಿದ್ದರಂತೆ. ಚಿಕ್ಕ ಕಿಂತಾದಲ್ಲಿ ಹಳೇ ಗಿಡಗಳಿಗೆ ಒಂದೇ ಉದ್ದ ಕಡ್ಡಿ ಬಿಟ್ಟು ಬಗ್ಗಿಸಿ ತಂತಿಗೆ ಕಟ್ಟಿದ್ದರು, ಏಳೆಂಟು ಕಣ್ಣು. ಎಲ್ಲ ಗಿಡಕ್ಕೂ ಹಾಗೆಯೇ ಅಂತ ಹೇಳುವುದಕ್ಕೆ ಬರಲ್ಲ, ತಾವು ನೋಡಿದ್ದು ಎರಡೇ ಸಾಲು ಅಂದರು. ನಾನು ಫೋಟೋ ತೆಗೆಯುತ್ತಿದ್ದಾಗ ಅವರು ಕಣ್ಣು ಎಣಿಸುತ್ತಿದ್ದರು ಅಂತ ನನಗೆ ಗೊತ್ತಾದದ್ದೇ ನಿನ್ನೆ.

ದ್ರಾಕ್ಷಿ ಕೇಳುವವರಿಲ್ಲದ ವಿಷಯ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, "ಆ ಅಜ್ಜಿ ಮನೇವ್ರ ಹಣ್ಣು ಹೋಯ್ತಂತಾ?" ಗೈಡಿಗೆ ಮೆಸೇಜ್ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ಬಂದರೆ ಇಲ್ಲೇ ಹಾಕುತ್ತೇನೆ.